ಕಲ್ಲಿನ ತವರು

ಆ ಹೆಂಗಸು ಸ್ಫಟಿಕವನ್ನು ನೋಡುತ್ತಿರಲಿಲ್ಲ. ಅದಕ್ಕೆ ಅಂಟಿದ್ದ ಮಣ್ಣನ್ನು ನೋಡುತ್ತಿದ್ದಳು.

ಅಂಗಡಿಯ ಮಾಲೀಕ ಚ್ಯೂ ಮಾವೊಲಿನ್ ಅದನ್ನು ಗಮನಿಸಿದ. ಚೀನಾದ ದೊಂಗ್‌ಹಾಯ್ ಪೇಟೆಯಲ್ಲಿ ಮೂವತ್ತು ವರ್ಷ ಸ್ಫಟಿಕ ಮಾರಿದವನು. ಗಿರಾಕಿ ಯಾರು, ತನಿಖೆಗೆ ಬಂದವರು ಯಾರು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಿರಾಕಿ ಮೊದಲು ಬೆಲೆ ಕೇಳುತ್ತಾರೆ.

"ಇದು ಎಲ್ಲಿಯ ಕಲ್ಲು?" ಎಂದಳು ಅವಳು.

"ಬ್ರೆಜಿಲ್‌ದು ಮೇಡಂ. ಕಾರ್ಡು ಇದೆ ನೋಡಿ."

ಕಾರ್ಡಿನಲ್ಲಿ ಒಬ್ಬ ಗಣಿಯಾಳು ನಗುತ್ತಿದ್ದ. ಕೆಳಗೆ 'ಈ ಕಲ್ಲಿನ ಹಿಂದೆ ಯಾರ ಕಣ್ಣೀರೂ ಇಲ್ಲ' ಎಂದಿತ್ತು. ಷಾಂಘೈ ಗಿರಾಕಿಗಳು ಈಗೀಗ ಇಂಥದ್ದನ್ನೆಲ್ಲ ಕೇಳುತ್ತಾರೆ. ನಗುತ್ತಿದ್ದವನನ್ನು ಮಾವೊಲಿನ್ ಯಾವುದೋ ಬೂಟಿನ ಜಾಹೀರಾತಿನಿಂದ ಕತ್ತರಿಸಿಕೊಂಡಿದ್ದ.

ನಿಜವೆಂದರೆ, ಕಲ್ಲು ಅಂದೇ ಬೆಳಿಗ್ಗೆ ಹಿಂಬಾಗಿಲಿನಿಂದ, ಮುದುಕ ಗೆಂಗ್‌ನ ಹೆಗಲ ಮೇಲೆ ಬಂದಿತ್ತು. ಈ ಸೀಮೆಯಲ್ಲಿ ನೆಲ ಅಗೆದು ಸ್ಫಟಿಕ ತೆಗೆಯುವುದನ್ನು ನಿಷೇಧಿಸಿ ವರ್ಷಗಳೇ ಆಗಿದ್ದವು. ಸಿಕ್ಕಿಬಿದ್ದರೆ ಅಂಗಡಿಗೆ ಬೀಗ, ಕೈಗೆ ಕೋಳ. ಅದೂ ಮಗಳ ಮದುವೆಯ ದಿನ.

"ಏನಣ್ಣ, ಹೊತ್ತು ಹುಟ್ಟೋದ್ರೊಳಗೆ ಏರಿಸಿಬಿಟ್ಟಿದ್ದೀಯ? ಚೀಲವೆಲ್ಲ ಹೆಂಡ ನಾರ್ತಿದೆ," ಎಂದು ಬೆಳಿಗ್ಗೆ ಮಾವೊಲಿನ್ ರೇಗಿಸಿದ್ದ.

"ನನ್ನ ಹೆಂಡ್ತಿ ಆಣೆ, ಒಂದು ತೊಟ್ಟೂ ಮುಟ್ಟಿಲ್ಲ ಕಣೋ," ಎಂದಿದ್ದ ಗೆಂಗ್. "ಕಲ್ಲಿನ ಪದರ ಈಗ ಮೇಲ್ಮೇಲಕ್ಕೆ ಏರ್ತಾ ಇದೆ. ಇನ್ನೆರಡು ದಿನ ತಡಿ, ಮುಷ್ಟಿ ಗಾತ್ರದ್ದು ತರ್ತೀನಿ."

ಕುಡುಕರ ಆಣೆ ಎಂದು ಮಾವೊಲಿನ್ ನಕ್ಕಿದ್ದ. ಎಲ್ಲಿಂದ ತಂದೆ ಎಂದು ಕೇಳಲಿಲ್ಲ. ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರಲ್ಲ, ಆ ಪಟ್ಟಿಗೆ ಅವನು ಕಲ್ಲಿನ ಮೂಲವನ್ನೂ ಸೇರಿಸಿ ಬಹಳ ಕಾಲವಾಗಿತ್ತು. ಗುಡ್ಡದಾಚೆ ಎಲ್ಲೋ ಗುಂಡಿ ಇರಬೇಕು ಎಂದುಕೊಂಡಿದ್ದ, ಅಷ್ಟೇ.

ಈಗ ಆ ಚೀಲ ಮೇಜಿನಡಿ ಇತ್ತು. ಅವನು ಅದನ್ನು ಕಾಲಿನಿಂದ ಒಳಕ್ಕೆ ತಳ್ಳಿದ.

"ಮಣ್ಣು ನಮ್ಮೂರಿನದರ ಹಾಗೇ ಇದೆ," ಎಂದಳು ಅವಳು.

"ಮಣ್ಣು ಎಲ್ಲಿದ್ರೂ ಮಣ್ಣೇ ಅಲ್ವಾ ಮೇಡಂ?"

ಅವಳು ನಗಲಿಲ್ಲ. ಅಷ್ಟರಲ್ಲಿ ಹೆಂಡತಿ ಯುನ್‌ಶಿಯಾಳ ಫೋನು ಬಂತು. "ಎಲ್ಲಿ ಸತ್ರಿ? ನಮ್ಮಣ್ಣಂದಿರು ಗುದ್ದಲಿ ಹಿಡ್ಕೊಂಡು ಕಾಯ್ತಾ ಇದ್ದಾರೆ. ಜಾಡಿ ಹೊರಗೆ ಬರದೆ ಮದುವೆ ಊಟಕ್ಕೆ ಕೂರಿಸೋ ಹಾಗಿಲ್ಲ!"

ಅದು ಅವಳ ತವರು ಶಾವೊಶಿಂಗ್‌ನ ಪದ್ಧತಿ. ಹೆಣ್ಣುಮಗು ಹುಟ್ಟಿದಾಗ ಅಕ್ಕಿಯ ಮದ್ಯ ತುಂಬಿದ ಜಾಡಿಯನ್ನು ಅಂಗಳದಲ್ಲಿ ಹೂಳುತ್ತಾರೆ. ಮದುವೆಯ ದಿನ ಅಗೆದು ತೆಗೆದು ನೆಂಟರಿಗೆಲ್ಲ ಬಡಿಸುತ್ತಾರೆ.

"ಮಗಳ ಮದುವೆಯೇ?" ಹೆಂಗಸಿನ ದನಿ ಮೆತ್ತಗಾಯಿತು. "ಹಾಗಾದ್ರೆ ಬೇಗ ಮುಗಿಸೋಣ. ಇದು ಬ್ರೆಜಿಲ್ ಕಲ್ಲು, ಇಲ್ಲಿ ಅಗೆದದ್ದಲ್ಲ ಅಂತ ಬರೆದು ಸಹಿ ಹಾಕಿ."

ಹಾಕಿದ. ಒಂದಕ್ಷರವೂ ಓರೆಯಾಗಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯೇ ಆಯಿತು.

"ನಾನು ಪೊಲೀಸ್ ಅಲ್ಲ ಯಜಮಾನ್ರೆ," ಎಂದಳು ಅವಳು, ಕಾಗದ ಮಡಚುತ್ತ. "ನೆಲ ಕುಸಿಯೋದನ್ನ ಅಳೆಯೋಳು. ಮೊನ್ನೆ ಪೂರ್ವದ ಓಣೀಲಿ ಎರಡು ಮನೆ ಕೂತುಹೋದ್ವು. ಕೆಳಗೆ ಕಳ್ಳ ಸುರಂಗ. ಅಗೆತ ನಿಂತಿದೆಯೋ, ಇನ್ನೂ ನಡೀತಿದೆಯೋ ಗೊತ್ತಾಗಬೇಕಿತ್ತು. ಮಣ್ಣು ಪರೀಕ್ಷೆಗೆ ಕಳಿಸಿದ್ರೆ ಎಂಟು ದಿನ. ಈಗಷ್ಟೇ ಅಗೆದ ಹಸಿ ಕಲ್ಲು ಪೇಟೆಗೆ ಬರ್ತಿದ್ರೆ ಪಶ್ಚಿಮದ ಓಣಿವರೆಗೂ ಇವತ್ತೇ ಖಾಲಿ ಮಾಡಿಸ್ತಿದ್ದೆ. ನೀವು ಅಲ್ಲ ಅಂತೀರಿ. ಸರಿ, ನಾಲ್ಕು ಓಣಿ ಜನಕ್ಕೆ ಯಾಕೆ ತೊಂದರೆ?"

ಮಾವೊಲಿನ್‌ನ ಮನೆ ಇದ್ದುದೇ ಪಶ್ಚಿಮದ ಓಣಿಯಲ್ಲಿ. ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಆದರೆ ಮನೆ ತುಂಬ ನೆಂಟರು, ಒಲೆಯ ಮೇಲೆ ಹಂದಿಮಾಂಸ, ಬಾಗಿಲಲ್ಲಿ ಬೀಗರು. ಗೆಂಗ್‌ನ ಗುಂಡಿ ಗುಡ್ಡದಾಚೆ ತಾನೆ? ಅವನು ಬಾಯಿ ಮುಚ್ಚಿಕೊಂಡ.

ಅವಳು ತನ್ನ ಕೈಚೀಲದಿಂದ ಅರ್ಧ ಹೊರತೆಗೆದಿದ್ದ, ಮನೆ ಖಾಲಿ ಮಾಡಿಸುವ ಕೆಂಪು ನೋಟಿಸುಗಳ ಕಟ್ಟನ್ನು ಒಳಗೆ ಸೇರಿಸಿ, ಶುಭ ಹಾರೈಸಿ ಹೋದಳು.

ಗಂಡಾಂತರ ಕಳೆಯಿತು. ಮಾವೊಲಿನ್ ಮನೆಗೆ ಫೋನು ಮಾಡಿದ. "ನನಗೆ ಕಾಯಬೇಡಿ, ಶುರು ಮಾಡಿ. ಈ ಕಲ್ಲು ತೊಳೆಯೋಕೆ ಹಾಕಿ ಬಂದೆ."

"ಶುರು ಮಾಡೇಬಿಟ್ರು!" ಯುನ್‌ಶಿಯಾ ನಗುತ್ತಿದ್ದಳು. "ನಲವತ್ತು ಜನ ಸುತ್ತ ನಿಂತಿದ್ದಾರೆ. ಮದುಮಗಳು ನಮ್ಮ ಮಿಂಗ್‌ಯುವೆ ಕೆಂಪು ಬಟ್ಟೆಯಲ್ಲಿ ಎಲ್ಲರಿಗಿಂತ ಮುಂದೆ. ಗುದ್ದಲಿ ಹಾಕಿದ್ರೆ ನೆಲ ಡೊಳ್ಳಿನ ಹಾಗೆ ಸದ್ದು ಮಾಡ್ತಿದೆ ರೀ, ಜಾಡಿ ಇಲ್ಲೇ ಇರಬೇಕು ಅಂತಿದ್ದಾರೆ ಅಣ್ಣ!"

ಫೋನು ಕಡಿಯಿತು. ಅವನು ಗೆಂಗ್‌ನ ಚೀಲವನ್ನು ನೀರಿನ ತೊಟ್ಟಿಗೆ ಸುರಿದ. ಹೆಂಡದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಗೆಂಗ್ ಕುಡಿಯುತ್ತಿದ್ದುದು ಅಗ್ಗದ ಜೋಳದ ಸಾರಾಯಿ. ಇದು ಸಿಹಿಯಾಗಿತ್ತು, ಹಳೆಯ ಅಕ್ಕಿಯ ಮದ್ಯದ್ದು.

ಕಲ್ಲುಗಳ ನಡುವೆ ಕೆಂಪು ಬಳಿದ ಜಾಡಿಯ ಚೂರೊಂದು ಹೊಳೆದು ಮುಳುಗಿತು. ಎತ್ತಿ, ಹೆಬ್ಬೆರಳಿನಿಂದ ಮಣ್ಣು ಒರೆಸಿದ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಅಂಗಳದಲ್ಲಿ ಹೂಳುವ ಮುನ್ನ, ಅವನೇ ಕುಂಚದಿಂದ ಬರೆದಿದ್ದ ಹೆಸರು ಕಾಣಿಸಿತು: ಮಿಂಗ್‌ಯುವೆ.