ಆರೋಗ್ಯದ ಉಪ್ಪು

"ಬಾಳೆಹಣ್ಣು ತಿಂದಿದ್ದೀರೋ ಇಲ್ವೋ? ಅಷ್ಟು ಹೇಳಿ ಸಾಕು." ಆಸ್ಪತ್ರೆಯ ಡಯಟಿಷಿಯನ್ ಕೋಣೆಯಲ್ಲಿದ್ದವರು ಮೂರೇ ಜನ. ಆದರೂ ಗಂಡನನ್ನು ವಿಚಾರಿಸುತ್ತಿದ್ದ ಹೆಡ್‌ಮಿಸ್ಸಿನ ದನಿ ಕೊನೇ ಬೆಂಚಿಗೂ ಕೇಳುವಷ್ಟಿತ್ತು.

"ತಿಂದಿಲ್ಲ ಕಣೇ," ಎಂದರು ವಾಚ್ ರಿಪೇರಿ ಯಜಮಾನರು. ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಬಾಳೆಹಣ್ಣಿನಂಥದ್ದು ತಿಂದು ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಎರಡು ತಿಂಗಳಿಂದ ಅದು ಏರುತ್ತಲೇ ಇತ್ತು.

"ಮತ್ತೆ ಗಾಳಿ ಕುಡಿದು ಏರಿತಾ? ಅಂಗಡಿ ಡ್ರಾಯರ್ ತಡಕಿದೆ, ಜೇಬು ತಡಕಿದೆ, ಬಾಯಿ ಮೂಸಿಯೂ ನೋಡಿದೆ. ಎಲ್ಲಿ ತಿಂತಾರೋ ಗೊತ್ತಾಗ್ತಿಲ್ಲ. ಮೂವತ್ತು ವರ್ಷ ಕಾಪಿ ಹೊಡೆಯೋರನ್ನ ಹಿಡಿದವಳು ನಾನು!"

ಹಾಗೆ ಒಮ್ಮೆ ಸಿಕ್ಕಿಬಿದ್ದವಳೇ ಈಗ ಡಯಟಿಷಿಯನ್. ನಗು ನುಂಗಿಕೊಂಡು ಕೇಳಿದಳು: "ಮನೇಲಿ ಅಡುಗೆ ಹೇಗೆ ಮಾಡ್ತೀರಿ, ಮಿಸ್?"

"ನೀನು ಬರೆದುಕೊಟ್ಟ ಹಾಗೇ. ಇವರಿಗೆ ಬೇರೆ ಪಾತ್ರೆ. ಆಲೂಗಡ್ಡೆ ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಚೆಲ್ತೀನಿ. ಟೊಮ್ಯಾಟೊ ಮುಟ್ಟಿಸಲ್ಲ. ಎರಡು ತಿಂಗಳಿಂದ ಉಪ್ಪು ಕೂಡ ಬೇರೆ. ದುಬಾರಿದು, 'ಆರೋಗ್ಯದ ಉಪ್ಪು'. ಸೋಡಿಯಂ ಕಮ್ಮಿಯಂತೆ. ಹೊರಗೆ ಊಟಕ್ಕೆ ಹೋದರೂ ಇರಲಿ ಅಂತ ಬ್ಯಾಗಲ್ಲೇ ಇಟ್ಕೊಂಡಿರ್ತೀನಿ." ಪೊಟ್ಟಣವನ್ನು ಮೇಜಿನ ಮೇಲೆ ಠೀವಿಯಿಂದ ಇಟ್ಟರು.

ಡಯಟಿಷಿಯನ್ ಮುಖದ ನಗು ಇಳಿಯಿತು. ಪೊಟ್ಟಣದ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರ. ಅವಳು ಕಣ್ಣು ಕಿರಿದು ಮಾಡಿದಳು. ಯಜಮಾನರು ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದು, ಕಣ್ಣಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ಓದಿದರು. "ಪೊಟ್ಯಾಸಿಯಂ... ಕ್ಲೋರೈಡ್."



ಡಯಟಿಷಿಯನ್ ತನಗರಿವಿಲ್ಲದೆ ಎದ್ದು ನಿಂತಿದ್ದಳು. "ಮಿಸ್... ಬೇರೆಯವರಿಗೆ ಆದೀತು. ಕಿಡ್ನಿ ತೊಂದರೆ ಇರೋರಿಗೆ ಇದು ಬೇಡವೇ ಬೇಡ. ಒಂದು ಚಮಚ ಹಾಕಿದರೆ ನಾಲ್ಕೈದು ಬಾಳೆಹಣ್ಣು ತಿನ್ನಿಸಿದ ಹಾಗೆ. ಇವತ್ತೇ ನಿಲ್ಲಿಸಿ. ನಿಂಬೆಹುಳಿ, ಮೆಣಸಿನಪುಡಿಯಲ್ಲಿ ಸುಧಾರಿಸಿ. ಡಾಕ್ಟರಿಗೆ ಈಗಲೇ ಹೇಳ್ತೀನಿ."

ಡಾಕ್ಟರು ಔಷಧಿ ಬದಲಿಸಿ ಕಳಿಸಿದರು. ಹೆಡ್‌ಮಿಸ್ ದಾರಿಯಲ್ಲೇ ಆ ಪೊಟ್ಟಣವನ್ನು ಕಸದ ಡಬ್ಬಿಗೆ ಎಸೆದರು. ಯಜಮಾನರಿಗೆ ನಾಲಗೆ ತುದಿಯವರೆಗೆ 'ಕೊನೆಗೂ ಕಳ್ಳಿ ಸಿಕ್ಕಳಲ್ಲ' ಎಂಬ ಮಾತು ಬಂದಿತ್ತು. ಹೆಂಡತಿಯ ಕಣ್ಣಂಚು ಒದ್ದೆಯಾಗಿದ್ದು ನೋಡಿ ನುಂಗಿಕೊಂಡರು.

ಮಧ್ಯಾಹ್ನ ಮೇಜಿನ ಮೇಲೆ ಎರಡು ತಟ್ಟೆ, ಎರಡರಲ್ಲೂ ಒಂದೇ ಉಪ್ಪಿಲ್ಲದ ಪಲ್ಯ.

"ನಿನಗ್ಯಾಕೇ ಇದು?"

"ಸುಮ್ನೆ ಅನುಮಾನ ಪಟ್ಟೆನಲ್ಲ, ಅದಕ್ಕೆ. ಇವತ್ತಿಂದ ನನಗೂ ಇದೇ ಊಟ."

ಹೆಡ್‌ಮಿಸ್ ಮೊದಲ ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದು ನಿಂತಿತು. ಉಗುಳಲೂ ಆಗದೆ ನುಂಗಲೂ ಆಗದೆ, ಕೆನ್ನೆ ಉಬ್ಬಿಸಿಕೊಂಡು ಗಂಡನನ್ನೇ ನೋಡಿದರು.

ಯಜಮಾನರು ಆ ಮುಖವನ್ನೇ ನೋಡುತ್ತಾ ಒಂದು ತುತ್ತು ತಿಂದರು, ಮತ್ತೊಂದು ತಿಂದರು. ಎರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಊಟ ರುಚಿಸಿತು.