ದುರ್ಸುನ್ ಎಂದರೆ

ತೊಟ್ಟಿಲಿಗೆ ಬಗ್ಗಿದ್ದ ಗುಲಾಯ್ ಥಟ್ಟನೆ ನೆಟ್ಟಗಾಗಿ, ಈ ಹೆಸರನ್ನು ತಾನು ಹೇಳಲಾರೆ ಎಂದುಬಿಟ್ಟಳು. ಕೂಸಿನ ಸೋದರತ್ತೆ ಅವಳೇ, ಕಿವಿಯಲ್ಲಿ ಹೆಸರು ಹೇಳುವ ಹಕ್ಕೂ ಅವಳದೇ. ಇಂಗ್ಲಿಷರ ನಾಡಿನ ಎಜ್‌ವೇರಿನ ಆ ಫ್ಲಾಟಿನಲ್ಲಿ ಇಳಕಲ್ ಸೀರೆಯನ್ನು ಹೇಗೋ ಸುತ್ತಿಕೊಂಡು ನಿಂತಿದ್ದ ಈ ಟರ್ಕಿಯ ಹೆಣ್ಣುಮಗಳು ಬೆಳಗಿನಿಂದ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ್ದಳು. ಬಾಣಂತಿ ಪ್ರಾಚಿ ಈಗಷ್ಟೇ ಬಾಯಿಬಿಟ್ಟು ಹೇಳಿದ ಹೆಸರು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ: ದುರ್ಸುನ್.

ಪ್ರಾಚಿಯ ತಾಯಿ ಡಾಕ್ಟರ್ ಕಲ್ಯಾಣಿಗೆ ಒಳಗೊಳಗೇ ಹಾಯೆನಿಸಿತು. ತಾನು ಎದುರಾಡಿದರೆ ಜಗಳ, ಮಗಳ ನಾದಿನಿ ಎದುರಾಡಿದರೆ ಚರ್ಚೆ. ಮೊಮ್ಮಗನ ಹೆಸರು ಆತ್ರೇಯ ಎಂದು ಆಕೆ ಧಾರವಾಡದ ಬಳಗಕ್ಕೆಲ್ಲ ಆಗಲೇ ಸುದ್ದಿ ಮುಟ್ಟಿಸಿಯಾಗಿತ್ತು.

"ದುರ್ಯೋಧನ, ದುರ್ವಾಸ," ಎಂದಳು. "ದುರ್ ಅಂತ ಸುರು ಆಗೂ ಒಂದರ ಛಲೋ ಹೆಸರು ಹೇಳು ನೋಡೂಣು."

"ದುರ್ಗಾ," ಎಂದಳು ಪ್ರಾಚಿ, ತಲೆ ಎತ್ತದೆ.

ಗುಲಾಯ್‌ಳ ತಕರಾರೇ ಬೇರೆ. ಅವರ ಕಡೆ ನಗೆಹನಿಗಳಲ್ಲಿ ಬರುವ ಪೆದ್ದನ ಹೆಸರು ಅದಂತೆ. ಅವಳ ಅಜ್ಜನಿಗಿತ್ತು, ನಿಜ. ಈಗ ಇಸ್ತಾಂಬುಲಿನಲ್ಲಿ ಯಾರಾದರೂ ಮಗುವಿಗೆ ಇಟ್ಟರೆ ಜನ ನಗುತ್ತಾರಂತೆ. ಕೂಸಿನ ಅಪ್ಪ ಎಮ್ರೆ ಹೋಳಿಗೆ ಬಿಸಿಮಾಡುವ ನೆಪದಲ್ಲಿ ಅಡುಗೆಮನೆ ಸೇರಿದವನು ಇನ್ನೂ ಹೊರಬಂದಿರಲಿಲ್ಲ.

ಅರ್ಥವಾದರೂ ಏನು ಎಂದು ಕಲ್ಯಾಣಿ ಇಂಗ್ಲಿಷಿನಲ್ಲಿ ಕೇಳಿದಳು. ಗುಲಾಯ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಹಳ್ಳಿಯವರ ಹಳೇ ನಂಬಿಕೆ ಅದು, ಅಜ್ಜನಿಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ಬದುಕಿರಲಿಲ್ಲ ಎಂದಳು. "ದುರ್ಸುನ್ ಅಂದರೆ ನಿಲ್ಲಲಿ ಅಂತ. ಇವನಾದರೂ ನಿಲ್ಲಲಿ."

ಕಲ್ಯಾಣಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಕೆಯ ಅಪ್ಪನೂ ಮಕ್ಕಳು ನಿಲ್ಲದ ಮನೆಯಲ್ಲೇ ಹುಟ್ಟಿದವನು. ಹುಟ್ಟಿದೊಡನೆ ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಕರೆದಿದ್ದರು. ಕಸದ ವಾಸನೆಗೆ ಯಮ ಮೂಗು ಮುಚ್ಚಿಕೊಂಡು ಮುಂದೆ ಹೋದಾನೆಂಬ ಆಸೆ. ಯಮ ಹೋದ, ಅಪ್ಪ ಎಂಬತ್ತು ದಾಟಿದ. ಕಾಲೇಜಿನಲ್ಲಿ ಪ್ರೊಫೆಸರಾದ ಮೇಲೆ ಮಾತ್ರ ಇಡೀ ತಿಪ್ಪೆಯನ್ನು 'ಟಿ.' ಎಂಬ ಒಂದಕ್ಷರದ ಕೆಳಗೆ ಮುಚ್ಚಿಟ್ಟ. ಮಗಳಿಗೆ ಕಲ್ಯಾಣಿ ಇದನ್ನೆಂದೂ ಹೇಳಿರಲಿಲ್ಲ.

ತಾಯಿಯ ಕನ್ನಡಕ್ಕೆ ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತ ಬಂದ ಪ್ರಾಚಿ ಈಗ ಕನ್ನಡದಲ್ಲಿ ಮಾತಾಡಿದಳು. ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ ತೆಗೆದಳು.

"ಹ್ವಾದ ಸಲ ನೀ ಹೇಳಿದಿ, ಹದಿಮೂರ್ನೇ ದಿನಕ್ಕ ಹೆಸರು ಇಡೂಣು, ಅವಸರ ಬ್ಯಾಡ ಅಂತ. ಅಷ್ಟು ದಿನ ಅಕಿ ಇರಲೇ ಇಲ್ಲ. ಆಸ್ಪತ್ರ್ಯಾಗ ಎಲ್ಲಾರೂ ಬೇಬಿ, ಬೇಬಿ ಅಂದ್ರು. ಏನಂತ ಕರದು ನಿಲ್ಲಸಬೇಕಿತ್ತವಾ ನಾ ಅಕಿನ್ನ?"

ಆಮೇಲೆ ತೊಟ್ಟಿಲ ಕಡೆ ತಿರುಗಿದಳು.

"ಇವಂಗ ಹುಟ್ಟಿದ ದಿನದಿಂದ ಕರ್ಯಾಕತ್ತೀನಿ," ಎಂದಳು ಪ್ರಾಚಿ. "ಹದಿಮೂರ್ನೇ ದಿನಾ ಇವತ್ತು. ಇದ್ದಾನ."

ಹೆಸರಿನಿಂದ ಯಾವ ಕೂಸೂ ಉಳಿಯುವುದಿಲ್ಲ ಎಂಬುದು ಡಾಕ್ಟರ್ ಕಲ್ಯಾಣಿಗೆ ಚೆನ್ನಾಗಿ ಗೊತ್ತಿತ್ತು. ದವಾಖಾನೆಯಲ್ಲಿ ಬೇರೆ ಯಾರಾದರೂ ತಾಯಿ ಎದುರಿಗೆ ಕೂತಿದ್ದರೆ ಮೃದುವಾಗಿ ಅದನ್ನೇ ಹೇಳುತ್ತಿದ್ದಳು ಕೂಡ. ಆಕೆ ಮೊಣಕಾಲೂರಿ ಕುಳಿತು ಕೂಸಿನ ಕುಲಾವಿಯನ್ನು ಸರಿಸಿ, ಹೂವಿನ ಎಸಳಿನಷ್ಟಿದ್ದ ಕಿವಿಯನ್ನು ತೆರೆದಿಟ್ಟಳು. ಬಾ ಎಂದು ಗುಲಾಯ್‌ಳನ್ನು ಕಣ್ಣಲ್ಲೇ ಕರೆದಳು.

ಗುಲಾಯ್‌ಗೆ 'ಬೇಬಿ' ಎಂಬ ಒಂದು ಶಬ್ದವೇ ಸಾಕಾಗಿತ್ತು; ಬಗ್ಗಿದಳು. ಕೂಸು ಎಚ್ಚರಗೊಳ್ಳದಂತೆ, ಉಸಿರಿನಲ್ಲೇ ಹೆಸರು ಹೇಳಿದಳು. ಆ ಕೂಡಲೇ ಬೆನ್ನಿಗೆ ಕಲ್ಯಾಣಿಯ ಗುದ್ದು ಬಿತ್ತು. ಹೆಸರಿಟ್ಟ ಅತ್ತೆಗೆ ಗುದ್ದುವುದು ಧಾರವಾಡದ ಕಡೆಯ ಪದ್ಧತಿ. ಪಾಪ, ಅದೊಂದನ್ನು ಗುಲಾಯ್‌ಗೆ ಯಾರೂ ಹೇಳಿರಲಿಲ್ಲ.

"ಇಷ್ಟು ಮೆಲ್ಲಗ ಅಲ್ಲವ್ವಾ, ಜೋರಾಗಿ ಹೇಳು," ಎಂದಳು ಕಲ್ಯಾಣಿ ಕನ್ನಡದಲ್ಲೇ, ಮುಂಬಾಗಿಲ ಕಡೆ ನೋಡುತ್ತ. "ಕೂಸಿಗೆ ಕೇಳಿಸೇತಿ. ಹೊರಗ ನಿಂತಾಂವಗ ಕೇಳಬೇಕು, ಕೇಳಿ ಮುಂದ ಹೋಗಬೇಕು."