ಅವಿಭಾಜ್ಯ, ಅವಿಭಕ್ತ

ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಉದ್ದನೆಯ ಸಂಖ್ಯೆ ಸಿಗುತ್ತದೆ. ಅದು ಭಾಗವಾಗುವುದಾದರೆ ಹತ್ತು ಜನರ ಜೊತೆ ವಾಸ. ಯಾವುದರಿಂದಲೂ ಭಾಗವಾಗದ ಅವಿಭಾಜ್ಯವಾದರೆ ಒಂಟಿ ಮನೆ. ವಾರಿಜಮ್ಮನದು ಅವಿಭಾಜ್ಯ. ವಸತಿ ಕಚೇರಿಯ ಗುಮಾಸ್ತ ಮಾತ್ರ ಅದನ್ನು 'ಅವಿಭಕ್ತ' ಎಂದು ಬರೆದುಬಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಒಂದು ಅವಿಭಕ್ತ ಕುಟುಂಬ ಹಾಸಿಗೆ, ಒರಳುಕಲ್ಲು, ಅಳುವ ಕೂಸುಗಳ ಸಮೇತ ಅವಳ ಮನೆ ಹೊಕ್ಕಿತ್ತು.

"ಎರಡೂ ಒಂದೇ ಅಲ್ವೇನಮ್ಮಾ? ಒಡೆಯೋಕಾಗಲ್ಲ ಅಂತ ತಾನೇ?" ಎಂದ ಗುಮಾಸ್ತ, ದೂರು ಹೇಳಲು ಕಚೇರಿಗೆ ಬಂದ ವಾರಿಜಮ್ಮನಿಗೆ.

"ಒಂದರೊಳಗೆ ಯಾರೂ ಬರೋಹಾಗಿಲ್ಲ, ಇನ್ನೊಂದರಿಂದ ಯಾರೂ ಹೋಗೋಹಾಗಿಲ್ಲ! ಅಷ್ಟೂ ಗೊತ್ತಾಗಲ್ವೇನ್ರೀ ನಿಮಗೆ?" ಎಂದು ವಾರಿಜಮ್ಮ ರೇಗಿದಳು.

"ಸರಿ, ತಿದ್ದೋಣ. ಆದ್ರೆ ನಿಮ್ಮ ಸಂಖ್ಯೆ ಯಾವುದರಿಂದಲೂ ಭಾಗವಾಗಲ್ಲ ಅಂತ ನಾನು ನೋಡ್ಬೇಕಲ್ಲ?"

ಅವನು ಸೀಮೆಸುಣ್ಣ ಹಿಡಿದು, ಗೋಡೆಯುದ್ದದ ಆ ಸಂಖ್ಯೆಯನ್ನು ಮೂರರಿಂದ ಭಾಗಿಸತೊಡಗಿದ. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಹನ್ನೊಂದರಿಂದ ಭಾಗಿಸುವವರೆಗೆ ಬಂದಿದ್ದ.

"ಉಳಿದಿದ್ದು ನಾಳೆ ನೋಡೋಣ ಬನ್ನಿ."

ಹಲ್ಲು ಕಡಿಯುತ್ತಾ ಹಿಂದಿರುಗಿದ ವಾರಿಜಮ್ಮ ತನ್ನದೇ ಮನೆಯ ಬಾಗಿಲು ತಟ್ಟಬೇಕಾಯಿತು. ಅವಳದೇ ಲೋಟದಲ್ಲಿ ಕಾಫಿ ಹೀರುತ್ತಿದ್ದ ಅಜ್ಜಿಯೊಬ್ಬಳು ಬಾಗಿಲನ್ನು ಅರ್ಧ ತೆರೆದು ಕೇಳಿದಳು:

"ಯಾರು ಬೇಕಾಗಿತ್ತಮ್ಮಾ?"